ಹೂಮಳೆ ಬಂದ ತಪಸ್ಸುಕಾಲ – ನಿಮಗೂ ಹೀಗೆ ಆಗಿದೆಯಾ?

ತೋಟದ ಮನೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆದದ್ದು ಕಡಿಮೆ. ಇವತ್ತು ಒಂದು ವಿಷಯ ಹೇಳಿಕೊಳ್ಳಲೇಬೇಕು ಅನ್ನಿಸಿತು. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮದು ಮೂಡಿಗೆರೆ ಕಡೆ. 4 ಎಕರೆ ಅರೇಬಿಕಾ ತೋಟ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅಂಚಿಗೆ ಸಿಲ್ವರ್ ಓಕ್. ಜನವರಿಯಲ್ಲಿ ಕೊಯ್ಲು ಮುಗಿಯುವ ಹೊತ್ತಿಗೆ ಅಪ್ಪ ತೀರಿಕೊಂಡರು. ಬೆಳಿಗ್ಗೆ ಕಣದಲ್ಲಿ ಕಾಫಿ ಹರಡಲು ಹೋದವರು ಅಲ್ಲೇ ಕೂತರು, ಮತ್ತೆ ಏಳಲಿಲ್ಲ. ಮಣ್ಣು ಮಾಡಿ ಬಂದು ನೋಡಿದರೆ ಕಣದ ಕಾಫಿ ಹಾಗೇ ಬಿದ್ದಿತ್ತು. ಯಾರೋ ಪುಣ್ಯಾತ್ಮರು ಇಬ್ಬನಿ ಬೀಳದ ಹಾಗೆ ಟಾರ್ಪಾಲು ಮುಚ್ಚಿ ಹೋಗಿದ್ದರು.

ಆಮೇಲೆ ನನಗೆ ಪ್ರಾರ್ಥನೆ ನಿಂತುಹೋಯಿತು. ದೇವರ ಮೇಲೆ ಸಿಟ್ಟು ಅಂತ ಏನೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಮಾತಾಡುತ್ತಿದ್ದೆನೇನೋ. ಜಪಸರ ಹಿಡಿದರೆ ಬೆರಳು ಮಣಿ ಎಣಿಸುತ್ತಿತ್ತು, ಮನಸ್ಸು ಸಾಲದ ಕಂತು ಎಣಿಸುತ್ತಿತ್ತು. ತಪಸ್ಸುಕಾಲ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು) ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚುವಾಗ ನೀನು ಮಣ್ಣು, ಮಣ್ಣಿಗೇ ಹೋಗುತ್ತೀ ಅನ್ನುವ ಮಾತು ಬರುತ್ತದಲ್ವಾ. ಪ್ರತಿ ವರ್ಷ ಕೇಳಿದ ಮಾತೇ. ಈ ವರ್ಷ ಅಪ್ಪನ ಸಮಾಧಿಯ ಮಣ್ಣು ಇನ್ನೂ ಹಸಿ ಇತ್ತು. ಬಾಗಿಲವರೆಗೂ ತಲೆ ಎತ್ತದೆ ಬಂದೆ.

ತಪಸ್ಸುಕಾಲದಲ್ಲಿ ಮಾಡಬೇಕಾದ್ದನ್ನೆಲ್ಲಾ ಮಾಡಿದೆ. ಉಪವಾಸ, ಶುಕ್ರವಾರದ ಶಿಲುಬೆಯ ಹಾದಿ ಪ್ರಾರ್ಥನೆ, ಎಲ್ಲಾ. ಒಳಗೆ ಮಾತ್ರ ಒಣಕಲು. ತೋಟವೂ ಹಾಗೇ ಇತ್ತು. ಮಾರ್ಚ್ ಬಂದರೂ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಒಂದು ಹನಿ ಇಲ್ಲ. ಬೆಳಿಗ್ಗೆ 10 ಗಂಟೆಗೆಲ್ಲಾ ಎಲೆ ಜೋತು ಬೀಳುತ್ತಿತ್ತು. ಗೆಣ್ಣುಗಳಲ್ಲಿ ಮೊಗ್ಗು ಕೂತಿತ್ತು, ಅಕ್ಕಿಕಾಳಿನ ಹಾಗೆ, ಬೆಳೆಯದೆ, ಉದುರದೆ. ನೀರಿದ್ದವರು ಸ್ಪ್ರಿಂಕ್ಲರ್ ಹಾಕಿದರು. ನಮ್ಮ ಬಾವಿಯಲ್ಲಿ ಕೆಸರು ಮಾತ್ರ ಉಳಿದಿತ್ತು.

ನಾಲ್ಕನೇ ವಾರದ ಶುಕ್ರವಾರ. ಚರ್ಚಿನಿಂದ ಮನೆಗೆ ಬರುವ ದಾರಿಯಲ್ಲಿ ಗುಡುಗಿತು. ಓಡಲಿಲ್ಲ. ಕೊಡೆ ಇರಲಿಲ್ಲ, ಇದ್ದರೂ ಬಿಚ್ಚುತ್ತಿರಲಿಲ್ಲ. ಮನೆ ಮುಟ್ಟುವಾಗ ಸೀರೆಯೆಲ್ಲಾ ಒದ್ದೆ, ಕಾಲಿಗೆ ಕೆಂಪು ಕೆಸರು. ಅಮ್ಮ ಬೈಯಲಿಲ್ಲ. ಜಗಲಿಯಲ್ಲಿ ನಿಂತು ಸುಮ್ನೆ ಮಳೆ ನೋಡುತ್ತಿದ್ದರು.

ಮಾರನೇ ದಿನ ಬೆಳಿಗ್ಗೆ ಮಳೆ ಮಾಪಕ ನೋಡಿದೆ. ಅದು ಅಪ್ಪನ ಕೆಲಸ. ಬೇರೆಯವರು ಮುಟ್ಟಿದರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಇಂಚು ಹತ್ತು ಸೆಂಟ್ಸ್. (ಬಯಲುಸೀಮೆಯವರಿಗೆ: ಇಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟ್ಸ್ ಲೆಕ್ಕದಲ್ಲೇ ಹೇಳುತ್ತೇವೆ. 100 ಸೆಂಟ್ಸ್ ಸೇರಿದರೆ ಒಂದು ಇಂಚು.) ಅಪ್ಪನ ಮಳೆ ಡೈರಿ ಕಪಾಟಿನಲ್ಲಿ ಬೈಬಲ್ಲಿನ ಪಕ್ಕದಲ್ಲೇ ಇತ್ತು. ತೆಗೆದೆ. ಹಳೆಯ ಹೂಮಳೆಗಳೆಲ್ಲಾ ಅದರಲ್ಲಿದ್ದವು. ತಾರೀಖು, ಅಳತೆ, ಮುಂದೆ ಒಂದೇ ಮಾತು: ದೇವರಿಗೆ ಸ್ತೋತ್ರ. ಅಳತೆ ಬರೆದೆ. ಸ್ತೋತ್ರ ಬರೆಯಲು ಕೈ ಬರಲಿಲ್ಲ. ಸುಳ್ಳು ಬರೆದ ಹಾಗಾಗುತ್ತಿತ್ತು.

ಒಂಬತ್ತನೇ ದಿನ ಹೂ ಬಿಟ್ಟಿತು.

ಕಾಫಿ ಹೂ ನೋಡದವರಿಗೆ ಹೇಗೆ ಹೇಳಲಿ? ರಾತ್ರಿ ಮಲಗುವಾಗ ಹಸಿರು ತೋಟ. ಬೆಳಿಗ್ಗೆ ಬಾಗಿಲು ತೆಗೆದರೆ ರೆಂಬೆಗಳೇ ಕಾಣದ ಹಾಗೆ ಬಿಳಿ. ವಾಸನೆ ಮಲ್ಲಿಗೆಯದ್ದೇ, ಸ್ವಲ್ಪ ಹೆಚ್ಚು ಭಾರ. ನಾನು ಬರಿಗಾಲಲ್ಲಿ ಇಳಿದು ಹೋದೆ. ಅಪ್ಪ ಕಸಿ ಮಾಡಿದ ಕಿತ್ತಳೆ ಗಿಡದ ಹತ್ತಿರ ನಿಂತೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಜೇನಿನ ಸದ್ದು. ಒಂದು ಹುಳದ್ದಲ್ಲ, ಇಡೀ ತೋಟದ್ದು. ತಂಬೂರಿ ಶ್ರುತಿಯ ಹಾಗೆ ಒಂದೇ ಸಮ. ಮುಖದ ಹತ್ತಿರ ಒಂದು ಗೆಣ್ಣು ಇತ್ತು. ಹೂವಿನ ಐದು ಎಸಳು, ನಡುವೆ ನೆಟ್ಟಗೆ ನಿಂತ ಕೇಸರ. ಒಂದು ಹೂವಿನ ಮೇಲೆ ಇಬ್ಬನಿ. ಅದನ್ನೇ ನೋಡುತ್ತಾ ಇದ್ದೆ. "ಅಪ್ಪಾ" ಅಂದೆ. ಯಾರನ್ನು ಕರೆದೆ ಅಂತ ನನಗೇ ಗೊತ್ತಿಲ್ಲ. ತೀರಿಹೋದ ಅಪ್ಪನನ್ನೋ, ಪರಲೋಕದ ತಂದೆಯನ್ನೋ. ಎರಡು ತಿಂಗಳ ಮೇಲೆ ಬಾಯಿಂದ ಬಂದ ಮೊದಲ ಪ್ರಾರ್ಥನೆ ಅದು. ಅಲ್ಲೇ ಕೂತು ಅತ್ತೆ. ತುಂಬಾ ಹೊತ್ತು.

ಈಗ ಹೂ ಕಂದಿ ಕಂದುಬಣ್ಣಕ್ಕೆ ತಿರುಗಿದೆ. ಮೂರು ನಾಲ್ಕು ದಿನದ ಆಯುಸ್ಸು ಅಷ್ಟೇ ಅದಕ್ಕೆ. ಆದರೆ ನನಗೆ ಪ್ರಾರ್ಥನೆ ಬರುತ್ತಿದೆ. ಸ್ವಲ್ಪ ಸ್ವಲ್ಪ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ಮರ, ಮಳೆ, ಕಡಲು, ಏನೇ ಇರಲಿ, ಅಲ್ಲಿ ನಿಂತಾಗ ನಂಬಿಕೆ ತಿರುಗಿ ಬಂದದ್ದು? ಬರೆಯಿರಿ.

ಎರೆಮಣ್ಣು

ತಂಗಿ, ತಂದೆಯವರ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ದೇವರು ನಿಮ್ಮ ಮನೆಯವರಿಗೆಲ್ಲಾ ಸಮಾಧಾನ ಕೊಡಲಿ.

ನಾವು ಗದಗ ಕಡೆಯವರು, ಪ್ರೊಟೆಸ್ಟಂಟರು, ಸಿಎಸ್‌ಐ ಸಭೆ. ನಿಮ್ಮ ಹಾಗೆ ಹಸಿರು ನಮಗಿಲ್ಲ. ನಮ್ಮದು ಕರಿ ಎರೆ ಭೂಮಿ, ಹಿಂಗಾರಿ ಜೋಳ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತುತ್ತೇವೆ. ಆಮೇಲೆ ಎಷ್ಟೋ ವರ್ಷ ಒಂದು ಮಳೆಯೂ ಬರುವುದಿಲ್ಲ. ಡಿಸೆಂಬರಿನಲ್ಲಿ ಹೊಲಕ್ಕೆ ಹೋದರೆ ಅಂಗೈ ಹೋಗುವಷ್ಟು ಬಿರುಕು. ಜೋಳ ಮಾತ್ರ ಎದೆಯುದ್ದ ನಿಂತಿರುತ್ತದೆ. ಹುಡುಗನಾಗಿದ್ದಾಗ ಅಜ್ಜನನ್ನು ಕೇಳಿದ್ದೆ, ಇದಕ್ಕೆ ನೀರು ಎಲ್ಲಿಂದ ಅಂತ. ಅವರು ಕಳೆ ಕೀಳುವ ಕುರ್ಚಿಗೆ ತಗೊಂಡು ಒಂದು ಗೇಣು ಅಗೆದು ನನ್ನ ಕೈ ಒಳಗೆ ಇಡಿಸಿದರು. ಒಳಗೆ ತಂಪು. ಹಸಿ ಮಣ್ಣು ಬೆರಳಿಗೆ ಅಂಟಿತು.

ಬಿತ್ತಿದವನು ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ, ಬೀಜ ಹೇಗೆ ಬೆಳೆಯಿತು ಅಂತ ಅವನಿಗೇ ತಿಳಿಯುವುದಿಲ್ಲ ಅಂತ ಯೇಸುಸ್ವಾಮಿ ಹೇಳಿದ ಸಾಮ್ಯ ಇದೆಯಲ್ಲ, ಮಾರ್ಕ 4ರಲ್ಲಿ. ಬೇರೆ ಮೂರು ಸುವಾರ್ತೆಗಳಲ್ಲಿ ಅದು ಸಿಗುವುದಿಲ್ಲ. ಅದನ್ನು ಓದಿದಾಗಲೆಲ್ಲಾ ನನ್ನ ಬೆರಳಿಗೆ ಆ ಹಸಿ ಮಣ್ಣು ನೆನಪಾಗುತ್ತದೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದ 40 ದಿನ ನಾನು ಬೈಬಲ್ ತೆರೆಯಲಿಲ್ಲ. ಹೊಲಕ್ಕೆ ಹೋಗಿ ಮಣ್ಣಲ್ಲಿ ಕೈ ಇಟ್ಟು ಬರುತ್ತಿದ್ದೆ. ಅದೇ ಆಗ ನನ್ನ ಪ್ರಾರ್ಥನೆ.

ಸಭೆಯ ಹಿರಿಯ

ನಿಮ್ಮ ದುಃಖದಲ್ಲಿ ನಾನೂ ಭಾಗಿ, ಮಗಳೇ. ಆದರೂ ಒಂದು ಮಾತು ಹೇಳದೆ ಇರಲಾರೆ. ಈಗಿನ ಹುಡುಗರು "ನಂಗೆ ಬೆಟ್ಟವೇ ಚರ್ಚ್" ಅಂತಾರೆ. ಭಾನುವಾರ ಬೈಕ್ ಹತ್ತಿ ಮುಳ್ಳಯ್ಯನಗಿರಿಗೆ ಹೋಗಿ ಬಂದರೆ ಆರಾಧನೆ ಮುಗಿಯಿತು ಅಂದುಕೊಳ್ಳುತ್ತಾರೆ. 121ನೇ ಕೀರ್ತನೆ ಬರೆದವನು ಬೆಟ್ಟದ ಕಡೆ ಕಣ್ಣೆತ್ತುತ್ತಾನೆ, ನಿಜ. ಆದರೆ ನನಗೆ ಸಹಾಯ ಬರುವುದು ಭೂಮಿ ಆಕಾಶ ಉಂಟುಮಾಡಿದ ಕರ್ತನಿಂದ ಅಂತ ಮರುಸಾಲಿನಲ್ಲೇ ಹೇಳುತ್ತಾನೆ. ಹೂವು ಮೂರು ದಿನಕ್ಕೆ ಕಂದಿತು ಅಂತ ನೀವೇ ಬರೆದಿದ್ದೀರಿ. ಹೂವಿನ ಮೇಲೆ ನಿಂತ ನಂಬಿಕೆ ನಾಲ್ಕನೇ ದಿನ ಏನಾಗುತ್ತದೆ?

ತೋಟದ ಮನೆ

ಹಿರಿಯರೇ, ನಿಮ್ಮ ಮಾತು ಸರಿ. ನನಗೂ ಆ ಭಯ ಇದೆ.

ಒಂದು ವಿಷಯ ಹೇಳುತ್ತೇನೆ. ಕಣಕ್ಕೆ ಟಾರ್ಪಾಲು ಮುಚ್ಚಿದವರು ನಮ್ಮ ಧರ್ಮಕೇಂದ್ರದವರು, ಅಂದರೆ ನಮ್ಮ ಚರ್ಚಿನ ಜನ, ಅಂತ ಆಮೇಲೆ ಗೊತ್ತಾಯಿತು. ಒಂಬತ್ತು ದಿನ ಮನೆಗೆ ಊಟ ತಂದವರೂ ಅವರೇ. ನನಗೆ ಪ್ರಾರ್ಥನೆ ಬಾರದಿದ್ದಾಗ ಪಕ್ಕದ ಬೆಂಚಿನ ಅಜ್ಜಿ ಜೋರಾಗಿ ಜಪಸರ ಹೇಳುತ್ತಿದ್ದರು. ಆ ದನಿಯ ಹಿಂದೆ ನಾನು ತುಟಿ ಆಡಿಸಿಕೊಂಡು ಹೋಗುತ್ತಿದ್ದೆ. ಚರ್ಚು ಬಿಟ್ಟು ತೋಟ ಹಿಡಿಯುವ ಯೋಚನೆ ನನಗೆ ಬಂದೇ ಇಲ್ಲ. ಶಿಲುಬೆಯ ಹಾದಿ ಮುಗಿಸಿ ಬರುವಾಗಲೇ ಅಲ್ವಾ ನನಗೆ ಮಳೆ ಸಿಕ್ಕಿದ್ದು?

ಬಾಳೆಹೊನ್ನೂರು ದಾರಿ

ಅಕ್ಕ, ನಾನು ಕೃಷಿ ಓದಿದವನು. ನಮ್ಮೂರ ಹತ್ತಿರದ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಅಲ್ಲಿಗೆ ಓಡಾಡಿ ಕಲಿತ ಒಂದು ವಿಷಯ ಹೇಳಬೇಕು ಅನ್ನಿಸಿತು.

ನಿಮ್ಮ ಮೊಗ್ಗು ಅಕ್ಕಿಕಾಳಿನ ಹಾಗೆ ಬೆಳೆಯದೆ ಕೂತಿತ್ತು ಅಂದಿರಲ್ಲ, ಅದು ಕಾಯಿಲೆಯಲ್ಲ, ನಿದ್ದೆ. ಕಾಫಿ ಮೊಗ್ಗು ಒಂದು ಹಂತಕ್ಕೆ ಬಂದು ಮಲಗಿಬಿಡುತ್ತದೆ. ಕೆಲವು ವಾರ ಒಣ ಹವೆ ತಾಗಬೇಕು. ಆಮೇಲೆ ಒಳ್ಳೆಯ ಮಳೆ ಬಿದ್ದರೆ ಎಲ್ಲಾ ಮೊಗ್ಗೂ ಒಟ್ಟಿಗೆ ಏಳುತ್ತವೆ. ಅದಕ್ಕೇ ಇಡೀ ತೋಟ ಒಂದೇ ಬೆಳಿಗ್ಗೆ ಬಿಳಿಯಾಗುವುದು. ಒಣ ಕಾಲವೇ ಇಲ್ಲದೆ ಅಷ್ಟಷ್ಟು ಮಳೆ ಆಗುತ್ತಾ ಇದ್ದರೆ ಹೂವು ಕಂತಿನ ಮೇಲೆ ಬರುತ್ತದೆ, ಹಣ್ಣೂ ಒಟ್ಟಿಗೆ ಆಗುವುದಿಲ್ಲ. ತಪಸ್ಸುಕಾಲ ಯಾಕೆ ಬೇಕು ಅಂತ ನನ್ನ ಮಗ ಕೇಳಿದಾಗ ನಾನು ಅವನನ್ನು ಗಿಡದ ಹತ್ತಿರ ಕರೆದುಕೊಂಡು ಹೋಗಿ ಇದನ್ನೇ ತೋರಿಸಿದ್ದೆ.

ಆದರೆ ಇದನ್ನು ದುಃಖದಲ್ಲಿರುವವರಿಗೆ ಉಪದೇಶ ಅಂತ ಹೇಳಬಾರದು. ಬಿಸಿಲು ಜಾಸ್ತಿಯಾದರೆ ಮೊಗ್ಗು ಒಣಗಿ ಹೋಗುವುದೂ ಉಂಟು. ಎಲ್ಲಾ ಬರಗಾಲವೂ ಒಳ್ಳೆಯದಕ್ಕೇ ಅಂತ ನಾನು ಹೇಳಲಾರೆ. ನೀವು ಬೆಳೆಗಾರರು, ನಿಮಗೆ ಗೊತ್ತು. ಇನ್ನೊಂದು ಮಳೆ ಬಂದರೆ ಮಾತ್ರ ಕಾಯಿ ನಿಲ್ಲುತ್ತದೆ. ಅದಕ್ಕಾಗಿ ಪ್ರಾರ್ಥಿಸುತ್ತೇನೆ.

ಮಂಜಿನ ಊರು

ಇದನ್ನೆಲ್ಲಾ ಓದುವಾಗ ನನಗೆ ಸ್ವಲ್ಪ ಸಂಕಟ ಆಯಿತು. ಯಾರನ್ನೂ ನೋಯಿಸಲು ಹೇಳುತ್ತಿಲ್ಲ.

ನಾನು ಕೊಡಗಿನವನು, ಮಕ್ಕಂದೂರು ಕಡೆ. 2018ರ ಆಗಸ್ಟಿನಲ್ಲಿ ನಮ್ಮ ಹಿಂದಿನ ಬೆಟ್ಟ ಇಳಿದು ಬಂತು. ಅದೇ ಬೆಟ್ಟ ನೋಡುತ್ತಾ ನಾನು ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡುತ್ತಿದ್ದೆ. ನಮ್ಮ ಮನೆಯವರು ಉಳಿದೆವು. ದನದ ಕೊಟ್ಟಿಗೆ, ಅರ್ಧ ತೋಟ ಹೋಯಿತು. ಮಣ್ಣು ಜಾರುವ ಸದ್ದು ಹೇಗಿರುತ್ತದೆ ಗೊತ್ತಾ? ಗುಡುಗು ನೆಲದೊಳಗಿಂದ ಬಂದ ಹಾಗೆ. ಆಮೇಲೆ ಹಸಿ ಮಣ್ಣಿನ ವಾಸನೆ. ನಿಮಗೆಲ್ಲಾ ಇಷ್ಟವಾದ ಮೊದಲ ಮಳೆಯ ಆ ವಾಸನೆ ಬಂದರೆ ನನ್ನ ತಾಯಿ ಈಗಲೂ ಎದ್ದು ಕೂರುತ್ತಾರೆ.

ಹೂವಿನಲ್ಲಿ ದೇವರು ಮಾತಾಡಿದ ಅಂತೀರಿ. ಹಾಗಾದರೆ ಅವತ್ತು ಬೆಟ್ಟದಲ್ಲಿ ಮಾತಾಡಿದ್ದು ಯಾರು? ನನಗೆ ಇನ್ನೂ ಉತ್ತರ ಸಿಕ್ಕಿಲ್ಲ. ಚರ್ಚಿಗೆ ಹೋಗುತ್ತೇನೆ. ಬೆಟ್ಟದ ಕಡೆ ಬೆನ್ನು ಹಾಕಿ ಕೂರುತ್ತೇನೆ.

ಕಡಲ ಮಗ

ಮಂಜಿನ ಊರು ಅಣ್ಣ, ನಿಮ್ಮ ಪ್ರಶ್ನೆಗೆ ಉತ್ತರ ನನ್ನ ಹತ್ತಿರವೂ ಇಲ್ಲ. ಒಂದು ನೆನಪು ಮಾತ್ರ ಹೇಳುತ್ತೇನೆ. ಅಸ್ಸೀಸಿಯ ಸಂತ ಫ್ರಾನ್ಸಿಸ್ ಸೂರ್ಯನನ್ನು ಅಣ್ಣ ಅಂತ, ಚಂದ್ರನನ್ನು ಅಕ್ಕ ಅಂತ ಕರೆದು ದೇವರನ್ನು ಹೊಗಳಿದ ಹಾಡು ಎಲ್ಲರಿಗೂ ಗೊತ್ತು. ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ಬಗ್ಗೆ ಬರೆದ ಪತ್ರಕ್ಕೆ ಹೆಸರು ಬಂದದ್ದೂ ಆ ಹಾಡಿನಿಂದಲೇ. ಆದರೆ ಅದನ್ನು ಕಟ್ಟಿದ ಕಾಲಕ್ಕೆ, 1225ರ ಹೊತ್ತಿಗೆ, ಆ ಸಂತರಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಬೆಳಕು ಬಿದ್ದರೆ ಉರಿಯುತ್ತಿತ್ತಂತೆ. ಸೂರ್ಯನನ್ನು ನೋಡಲಾಗದವರು ಸೂರ್ಯನಿಗಾಗಿ ಸ್ತೋತ್ರ ಹೇಳಿದರು. 1226ರಲ್ಲಿ ಸಾಯುವ ಸ್ವಲ್ಪ ಮುಂಚೆ ಸಾವನ್ನೂ ಅಕ್ಕ ಅಂತ ಕರೆದು ಒಂದು ಚರಣ ಸೇರಿಸಿದರು ಅನ್ನುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಆದರೆ ಆ ಹಾಡು ಸುಖದಲ್ಲಿ ಹುಟ್ಟಿದ್ದಲ್ಲ ಅಂತ ತಿಳಿದ ಮೇಲೆ ಅದನ್ನು ಹಾಡುವಾಗ ನನ್ನ ದನಿ ಬದಲಾಯಿತು.

ತೋಟದ ಮನೆ

ಮಂಜಿನ ಊರು ಅಣ್ಣ, ನಿಮ್ಮ ಮಾತು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಅಪ್ಪನ ಡೈರಿ ಪೂರ್ತಿ ತಿರುವಿದೆ. ಇಷ್ಟು ದಿನ ಹೂಮಳೆ ಬಂದ ಪುಟ ಮಾತ್ರ ನೋಡಿದ್ದೆ.

ಬರ ಬಂದ ವರ್ಷದ ಪುಟ ಸಿಕ್ಕಿತು. ಆ ವರ್ಷ ಹೂಮಳೆ ಕೈಕೊಟ್ಟಿತ್ತು. ನನ್ನ ಕಾಲೇಜು ಫೀಸಿಗೆ ಅಮ್ಮನ ಬಳೆ ಹೋದದ್ದೂ ಆಗಲೇ. ಅಪ್ಪ ಬರೆದದ್ದು ಹೀಗೆ: "ಏಪ್ರಿಲ್ 10. ಮಳೆ ಇಲ್ಲ. ದೇವರಿಗೆ ಸ್ತೋತ್ರ." ಮರುದಿನ: "ಮಳೆ ಇಲ್ಲ. ದೇವರಿಗೆ ಸ್ತೋತ್ರ." ಹೀಗೆ ಹದಿನೇಳು ದಿನ. ಹದಿನೆಂಟನೇ ದಿನ "ಮಳೆ ಇಲ್ಲ" ಅಂತ ಮಾತ್ರ ಇದೆ. ಮುಂದೆ ಖಾಲಿ. ಮಾರನೇ ದಿನದಿಂದ ಮತ್ತೆ ಸ್ತೋತ್ರ ಶುರು.

ಆ ಒಂದು ಖಾಲಿ ಸಾಲು ನೋಡುತ್ತಾ ಕೂತಿದ್ದೆ. ಅಪ್ಪನಿಗೂ ಆ ದಿನ ಬರೆಯಲು ಕೈ ಬಂದಿರಲಿಲ್ಲ. ನಿಮಗೆ ಇದು ಉತ್ತರ ಅಂತ ಕೊಡುತ್ತಿಲ್ಲ ಅಣ್ಣ. ನನಗೆ ಸಿಕ್ಕಿದ್ದನ್ನು ಹಂಚಿಕೊಂಡೆ ಅಷ್ಟೇ.

ಮಂಜಿನ ಊರು

ಆ ಹದಿನೆಂಟನೇ ದಿನದ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್ ತಂಗಿ.

ಹೇಮಾವತಿ ದಂಡೆ

ನಾನು ಹಾಸನದವನು. ಶೆಟ್ಟಿಹಳ್ಳಿಯ ಹಳೇ ಚರ್ಚ್ ಎಲ್ಲರೂ ಫೋಟೋದಲ್ಲಿ ನೋಡಿರುತ್ತೀರಿ. 1860ರ ಹೊತ್ತಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರು ಅಣೆಕಟ್ಟು ಬಂದ ಮೇಲೆ ಊರವರು ಜಾಗ ಬಿಟ್ಟರು, ಚರ್ಚ್ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಹೇಮಾವತಿ ನೀರು ಏರಿ ಅದನ್ನು ಅರ್ಧ ಮುಳುಗಿಸುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ.

ಕೆಲಸ ಹೋಗಿದ್ದ ವರ್ಷ ನಾನು ಅಲ್ಲಿಗೆ ಬೆಳಗಿನ ಜಾವ ಒಬ್ಬನೇ ಹೋಗಿದ್ದೆ. ಫೆಬ್ರುವರಿ, ನೀರು ಇಳಿದಿತ್ತು. ಸೂರು ಇಲ್ಲ, ಗೋಡೆಯ ಗಾರೆ ಉದುರಿದೆ, ಬಲಿಪೀಠ ಇದ್ದಿರಬಹುದಾದ ಕಡೆ ಒಣ ಕೆಸರು, ಅದರ ಮೇಲೆ ಹಕ್ಕಿ ಹೆಜ್ಜೆ. ಕಮಾನಿನ ಸಂದಿಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. 84ನೇ ಕೀರ್ತನೆಯಲ್ಲಿ ಗುಬ್ಬಿಗೂ ನಿನ್ನ ವೇದಿಯ ಹತ್ತಿರ ಮನೆ ಸಿಕ್ಕಿತು ಅಂತ ಬರುತ್ತದೆ. ಚಿಕ್ಕಂದಿನಿಂದ ಬಾಯಿಪಾಠ ಹೇಳಿದ ಕೀರ್ತನೆ. ಅವತ್ತು ಅದು ಕಣ್ಣೆದುರಿಗೇ ಇತ್ತು. ನಾನು ಅಲ್ಲೇ ಮೊಣಕಾಲೂರಿದೆ. ನೂರು ವರ್ಷದ ಹಿಂದಿನವರು ಮೊಣಕಾಲೂರಿದ ಜಾಗವೇ ಇರಬೇಕು. ಅರ್ಧ ಗಂಟೆ ಕಳೆದು ಯಾರೋ ಮದುವೆ ಫೋಟೋ ತೆಗೆಸಲು ಬಂದರು. ನಾನು ಎದ್ದು ಬಂದೆ.

ಮೂರನೇ ಮಹಡಿ

ನೀವೆಲ್ಲಾ ಪುಣ್ಯವಂತರು. ನಾನು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಒಂದು ರೂಮಿನಲ್ಲಿದ್ದೇನೆ. ನೈಟ್ ಶಿಫ್ಟ್. ಬೆಳಿಗ್ಗೆ 7ಕ್ಕೆ ಬಂದು ಪರದೆ ಎಳೆದು ಮಲಗುತ್ತೇನೆ. ಆರು ತಿಂಗಳಿಂದ ಪ್ರಾರ್ಥನೆ ಇಲ್ಲ, ಸುಸ್ತು ಮಾತ್ರ. ತೋಟ ಇಲ್ಲದವರು ಏನು ಮಾಡಬೇಕು?

ಸಭೆಯ ಹಿರಿಯ

ಮಗಾ, ಮೊದಲು ನಿದ್ದೆ ಮಾಡು. ಹೊಟ್ಟೆಗೆ ತಿನ್ನು.

ಬೈಬಲ್ಲಿನ ಪ್ರವಾದಿ ಎಲೀಯನ ಕಥೆ ನೆನಪಿದೆಯಾ? ಓಡಿ ಓಡಿ ಸುಸ್ತಾಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂದ. ದೇವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟ. ಆಮೇಲೆ ದೂತ ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಕೊಟ್ಟ. ಬೆಟ್ಟ, ಗಾಳಿ, ಭೂಕಂಪ, ಬೆಂಕಿ, ಕೊನೆಗೆ ಆ ಸಣ್ಣ ದನಿ, ಅದೆಲ್ಲಾ 40 ದಿನ ನಡೆದ ಮೇಲೆ. ನಾನು ಮೇಲೆ ಸ್ವಲ್ಪ ಗಡುಸಾಗಿ ಬರೆದೆ. ತೋಟದ ಮನೆ ಮಗಳು ಕ್ಷಮಿಸಬೇಕು. ಆ ಗಿಡದ ನೆರಳನ್ನೂ ದೇವರೇ ಕೊಟ್ಟದ್ದು ಅನ್ನುವುದನ್ನು ನಾನು ಮರೆತಿದ್ದೆ.

ಕಡಲ ಮಗ

ಮೂರನೇ ಮಹಡಿ, ನಾನು ಕುವೈತಿನಲ್ಲಿ 11 ವರ್ಷದಿಂದ ಇದ್ದೇನೆ. ಇಲ್ಲಿ ಕಿಟಕಿ ತೆಗೆದರೆ ಧೂಳು. ಮಂಗಳೂರು ಕಡೆಯವನು ನಾನು. ಸೆಪ್ಟೆಂಬರ್ 8ಕ್ಕೆ ನಮಗೆ ಮೊಂತಿ ಫೆಸ್ತ್, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವಾದ ಮಾಡಿದ ಭತ್ತದ ತೆನೆ ಪ್ರತಿ ಮನೆಗೆ. ಆ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಎಲ್ಲರೂ ಒಂದೊಂದು ಗುಟುಕು ಕುಡಿದ ಮೇಲೆ ಊಟ.

ನನ್ನ ಪಾಲಿನ ತೆನೆಯನ್ನು ಅಮ್ಮ ಲಕೋಟೆಯಲ್ಲಿ ಹಾಕಿ ಕಳಿಸುತ್ತಾರೆ. ಬರುವ ಹೊತ್ತಿಗೆ ಅರ್ಧ ಕಾಳು ಉದುರಿರುತ್ತದೆ. ಕಳೆದ ಬಾರಿ ಏಳು ಕಾಳು ಇತ್ತು. ರೂಮಿನಲ್ಲಿ ನಾವು ನಾಲ್ಕು ಜನ. ಸ್ಟೀಲ್ ಲೋಟದ ತಳದಲ್ಲಿ ಅರೆದು ಹಾಲಿಗೆ ಹಾಕಿದೆವು. ಅವತ್ತು ಆ ನಾಲ್ಕು ಗೋಡೆಯ ನಡುವೆ ನಮ್ಮೂರ ಗದ್ದೆ, ಅಮ್ಮ, ದೇವರು ಎಲ್ಲಾ ಇದ್ದರು.

ಆಕಾಶದ ಹಕ್ಕಿ ನೋಡಿ, ಹೊಲದ ಹೂ ನೋಡಿ ಅಂತ ಯೇಸುಸ್ವಾಮಿ ಹೇಳಿದ್ದು ನಾಳೆ ಏನು ತಿನ್ನುವುದು, ಏನು ಉಡುವುದು ಅಂತ ಚಿಂತೆಯಲ್ಲಿದ್ದವರಿಗೆ. ನಮ್ಮ ನಿಮ್ಮಂಥವರಿಗೆ. ನಿಮ್ಮ ಕಿಟಕಿಯಿಂದ ಏನು ಕಾಣುತ್ತದೆ?

ಮೂರನೇ ಮಹಡಿ

ಇವತ್ತು ಪರದೆ ಎಳೆಯುವ ಮುಂಚೆ ನೋಡಿದೆ. ಒಂದು ಹೊಂಗೆ ಮರ ಇದೆ. ಕೇಬಲ್ ವೈರುಗಳ ನಡುವೆ. ಆರು ತಿಂಗಳಲ್ಲಿ ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಹೊಸ ಎಲೆ ಬಂದಿದೆ. ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ. ಹತ್ತು ನಿಮಿಷ ನಿಂತಿದ್ದೆ. ಪ್ರಾರ್ಥನೆ ಅಂತ ಏನೂ ಮಾಡಲಿಲ್ಲ. ಮಲಗಿದ ಮೇಲೆ ನಿದ್ದೆ ಚೆನ್ನಾಗಿ ಬಂತು.

ಪಕ್ಕದ ತೋಟ

ನಾವು ಕ್ರೈಸ್ತರಲ್ಲ, ಸಕಲೇಶಪುರದವರು. ಹೂಮಳೆ ಬಿದ್ದ ರಾತ್ರಿ ನಮ್ಮ ತಾಯಿ ಅಂಗಳಕ್ಕೆ ಬಂದು ಕೈ ಮುಗಿಯುತ್ತಾರೆ. ಡೈರಿಯ ವಿಷಯ ಅವರಿಗೆ ಓದಿ ಹೇಳಿದೆ. "ಆ ಹುಡುಗಿಗೆ ಹೇಳು, ಮಾಪಕ ಖಾಲಿ ಮಾಡಿ ತೊಳೆದು ಇಡಲಿ, ಇನ್ನೊಂದು ಮಳೆ ಬರುತ್ತೆ" ಅಂದರು.

ತೋಟದ ಮನೆ

ತಾಯಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹೇಳಿದ ಹಾಗೇ ತೊಳೆದು ಇಟ್ಟಿದ್ದೆ.

ನಿನ್ನೆ ರಾತ್ರಿ 9ಕ್ಕೆ ಶುರುವಾಯಿತು. ಗುಡುಗಿಲ್ಲ, ಗಾಳಿಯಿಲ್ಲ, ಹಂಚಿನ ಮೇಲೆ ಒಂದೇ ಸಮ ಸುರಿಯಿತು. ಕರೆಂಟ್ ಹೋಯಿತು. ಅಮ್ಮ, ನಾನು, ತಮ್ಮ ಮೂವರೂ ಜಗಲಿಯಲ್ಲಿ ಕೂತು ಕತ್ತಲಲ್ಲೇ ಜಪಸರ ಹೇಳಿದೆವು. ಮಳೆ ಸದ್ದಿಗೆ ಒಬ್ಬರದ್ದು ಒಬ್ಬರಿಗೆ ಕೇಳುತ್ತಿರಲಿಲ್ಲ.

ಬೆಳಿಗ್ಗೆ ನೋಡಿದೆ, 92 ಸೆಂಟ್ಸ್. ಡೈರಿಯಲ್ಲಿ ತಾರೀಖು ಹಾಕಿದೆ, ಅಳತೆ ಬರೆದೆ. ಅಪ್ಪನ ಅಕ್ಷರ ಸ್ವಲ್ಪ ಎಡಕ್ಕೆ ವಾಲುತ್ತದೆ, ನನ್ನದು ನೆಟ್ಟಗೆ. ಪೆನ್ನು ಒಂದು ಗಳಿಗೆ ಅಲ್ಲೇ ನಿಂತಿತ್ತು. ಆಮೇಲೆ ಮುಂದಿನದ್ದನ್ನೂ ಬರೆದೆ.